ಮಾಯಮ್ಮನ ಸೀತಾಳೆ ಮಂಕರಿ

ನಮ್ಮತ್ತೆ ಮಾಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಕಂಪಲಾಪುರದ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರಿಗೇನು, ಬಾಯಿ ಚಪಲ. ಆ ಸಿಟ್ಟು ಯಾಕೆ ಬಂತು ಅಂತ ಕೇಳಿದವರು ಒಬ್ಬರೂ ಇಲ್ಲ. ನಾನು ಆ ಮನೆಗೆ ಸೊಸೆಯಾಗಿ ಹೋದವಳು. ಆ ಸಿಟ್ಟನ್ನೂ ಉಂಡಿದ್ದೇನೆ, ಅದಕ್ಕೆ ಕಾರಣವಾದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ನೆನೆಸಿಕೊಂಡರೆ ನನಗೂ ಮೈ ಉರಿಯುತ್ತದೆ.

ನಮ್ಮದು ಹೊಗೆಸೊಪ್ಪಿನ ಮನೆ. ಸೊಪ್ಪು ಬೆಳೆದರೆ ಸಾಲದು, ಬ್ಯಾರನ್ನು ಅನ್ನುವ ಹೆಂಚು ಹೊದಿಸಿದ ಗೂಡಿನಲ್ಲಿ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು, ಬಂಗಾರದ ಬಣ್ಣ ಬರುವ ತನಕ ಬೇಯಿಸಬೇಕು. ಬೇಯಿಸಲು ಸೌದೆ ಬೇಕು. ಆ ಒಲೆಗೆ ಎಷ್ಟು ತುರುಕಿದರೂ ಹೊಟ್ಟೆ ತುಂಬುವುದಿಲ್ಲ. ನಮ್ಮ ಕಡೆ ಬದುಗಳ ಮೇಲಿದ್ದ ಮರಗಳೆಲ್ಲ ಹಾಗೇ ಹೋದವು. ಕೊನೆಗೆ ನಮ್ಮ ಹೊಲದ ಮೂಲೆಯಲ್ಲಿ ಉಳಿದದ್ದು ಒಂದು ಹಳೆಯ ಹಲಸು.

ಆ ಹಲಸಿನ ಕೊಂಬೆಗಳ ಮೇಲೆ ಸೀತಾಳೆ ಗಿಡಗಳಿದ್ದವು. ಪೇಟೆಯವರು ಆರ್ಕಿಡ್ ಅನ್ನುತ್ತಾರಲ್ಲ, ಅದೇ. ವರ್ಷವೆಲ್ಲ ಒರಟು ಎಲೆ ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ಬಿಳಿ ಮೇಲೆ ನೇರಳೆ ಚುಕ್ಕೆಯ ದಂಡೆ ಬಿಡುತ್ತದೆ, ಅಳಿಲಿನ ಬಾಲದ ಹಾಗೆ ಕೆಳಕ್ಕೆ ಜೋತುಬೀಳುತ್ತದೆ. ಅತ್ತೆ ಲಗ್ನವಾಗಿ ಬಂದ ಮೊದಲ ವರ್ಷ ಅವರ ಅತ್ತೆ ಒಂದು ದಂಡೆ ಕಿತ್ತು ಮುಡಿಸಿ ಹೇಳಿದ್ದರಂತೆ: "ಮನೆ ಅವ್ರುದು, ಹೊಲ ಅವ್ರುದು. ಈ ಹೂವ ಮಾತ್ರ ನಿಂದು ಕಣಮ್ಮಿ." ಆ ಮನೆಯಲ್ಲಿ ಏನು ಬಿತ್ತಬೇಕು, ಯಾವ ಹಸು ಮಾರಬೇಕು, ಮಗನಿಗೆ ಯಾವ ಹೆಣ್ಣು ತರಬೇಕು ಅಂತ ಅತ್ತೆಯನ್ನು ಯಾರೂ ಒಂದು ದಿನ ಕೇಳಿದ್ದಿಲ್ಲ. ಎಲ್ಲ ಆದ ಮೇಲೆ ಹೇಳುತ್ತಿದ್ದರು, ಅಷ್ಟೆ. ಅವರದು ಅಂತ ಇದ್ದದ್ದು ಆ ಹೂವೊಂದೇ.

ಎರಡು ಸಾವಿರದ ಇಸವಿಯ ಆಸುಪಾಸು. ಅಣ್ಣನ ಮನೆಯ ಗೃಹಪ್ರವೇಶ ಅಂತ ಅತ್ತೆ ಚುಂಚನಕಟ್ಟೆಗೆ ಹೋದರು. ಅವರು ಅತ್ತ ಬಸ್ಸು ಹತ್ತಿದ್ದೇ ತಡ, ನಮ್ಮ ಮಾವ ಬಸವರಾಜು ಇತ್ತ ಮರ ಕಡಿಯುವ ಕಂಠಪ್ಪನನ್ನು ಕರೆಸಿದರು. "ಅತ್ತೆ ಬರ್ಲಿ ಮಾವ" ಅಂದೆ. "ಅವ್ಳು ಬಂದು ಏನ್ ಮಾಡ್ಬೇಕು? ಮರ ಅಂದ್ಮೇಲೆ ಕಡೀತಾರೆ" ಅಂದರು. ನನ್ನ ಗಂಡ ಲಿಂಗರಾಜು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ.

ಅತ್ತೆ ಹಿಂತಿರುಗಿದಾಗ ಮೂಲೆಯಲ್ಲಿ ಆಕಾಶ ಕಾಣುತ್ತಿತ್ತು. ಸೌದೆಯನ್ನು ಬ್ಯಾರನ್ನಿನ ಪಕ್ಕ ಒಟ್ಟಿಯಾಗಿತ್ತು. ಸೀತಾಳೆ ಗಿಡಗಳನ್ನು ಕೊಂಬೆಯಿಂದ ಸೀಳಿ ತಿಪ್ಪೆಯ ಹತ್ತಿರ ಎಸೆದಿದ್ದರು. ಅತ್ತೆ ಕೈಲಿದ್ದ ಚೀಲ ಕೆಳಗಿಡದೆ ನೆಟ್ಟಗೆ ಮಾವನ ಮುಂದೆ ಹೋಗಿ ನಿಂತರು.

"ಯಾರ್ನ ಕೇಳ್ಕಂಡು ಕಡುಸುದ್ರಿ?"

"ಬದನಿಕೆ ಬಿದ್ದಿದ್ ಮರ ಕಣಮ್ಮಿ. ಇನ್ನೆಷ್ಟು ದಿನ ಬಾಳ್ತಿತ್ತು?"

"ಅದು ಬದನಿಕೆ ಅಲ್ಲ. ಬದನಿಕೆ ಮರದ ರಸ ಈರ್ತದೆ. ಇದು ಬರೀ ಕೂತ್ಕತದೆ, ಮರವ ತಿನ್ನಲ್ಲ. ಈ ಮನೇಲಿ ಬದನಿಕೆ ಯಾರು ಅಂತ ನಂಗೊತ್ತು ಬುಡಿ."

ಮಾವ ನಕ್ಕರು. ಆ ನಗು ನೋಡಿ ನನಗೇ ಅವರ ತಲೆ ಮೇಲೆ ಒಂದು ಕೊಡ ನೀರು ಹುಯ್ಯುವಷ್ಟು ರೇಗಿತು. ಅತ್ತೆ ಕೂಗಾಡಲಿಲ್ಲ. "ಒಂದು ಮಾತು ಕೇಳ್ಬೌದಿತ್ತು. ಕೇಳ್ಲಿಲ್ಲ. ಈ ಗಿಡ ಇನ್ನೊಂದ್ಸಲ ಹೂವ ಬುಡೋಗಂಟ ನಿಮ್ತಾವ ನಂಗೆ ಮಾತಿಲ್ಲ" ಅಂದವರೇ ತಿಪ್ಪೆಯ ಕಡೆ ನಡೆದರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಡವಾದವಳು ಸೊಸೆ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದರು. "ಊಟಕ್ಕೆ ಬರಕ್ಕೇಳು ನಿಮ್ಮಾವನ್ಗೆ" ಅಂತ ಇವರು, "ಈಗ್ ಬ್ಯಾಡ ಅಂತೇಳು ನಿಮ್ಮತ್ತೆಗೆ" ಅಂತ ಅವರು. ಕೇಳಿಸಿದ ಮಾತನ್ನೇ ನಾನು ಇನ್ನೊಂದು ಸಲ ಹೇಳಬೇಕು. ಹೇಳದಿದ್ದರೆ ಇಬ್ಬರೂ ಮುಖ ತಿರುಗಿಸಿಕೊಂಡು ಉಪವಾಸ.

ಗಿಡ ಬದುಕಿಸುವ ಕೆಲಸಕ್ಕೂ ನಾನೇ ಆಳು. ಕುಂಡದಲ್ಲಿ ಸೀತಾಳೆ ಬೆಳೆಸಿದವರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಹೊಗೆಸೊಪ್ಪಿನ ಸಸಿ ಮಡಿ ಒಂದೇ. ಹಿಡಿ ಮುರಿದ ಪ್ಲಾಸ್ಟಿಕ್ ಬಕೆಟ್ಟು, ಹಳೇ ಬಣ್ಣದ ಡಬ್ಬ, ಸಿಕ್ಕಿದ್ದಕ್ಕೆಲ್ಲ ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿದೆವು. ಗಿಡವನ್ನು ಕತ್ತಿನ ತನಕ ಹೂತೆವು. ಸಸಿಗೆ ಹಾಕುವ ಹಾಗೆ ಬೆಳಗ್ಗೆ ಸಂಜೆ ನೀರು. ಪಕ್ಕದ ಮನೆ ನಂಜಣ್ಣ ಬೇಲಿಯ ಮೇಲಿಂದ ಕತ್ತು ಹಾಕಿ, "ಒಂದಿಡಿ ಯೂರಿಯಾ ಎರಚ್ರಕ್ಕ, ಎಂಗೆ ಏಳ್ತದೆ ನೋಡಿ" ಅಂದ. ಅತ್ತೆ, "ನಿನ್ ತಲೆಗೆ ಎರಚ್ಕೊ, ಕೂದ್ಲಾದ್ರೂ ಬಂದಾತು" ಅಂದರು. ನಂಜಣ್ಣನ ತಲೆ ಬೋಳು. ಅವನು ಮತ್ತೆ ನಮ್ಮ ಬೇಲಿ ಹತ್ತಿರ ಸುಳಿಯಲಿಲ್ಲ.

ಎಲೆ ಹಳದಿಯಾಯಿತು. ಬುಡ ಲೋಳೆಯಾಯಿತು. ಬಕೆಟ್ಟನ್ನು ಬಗ್ಗಿಸಿದರೆ ಚರಂಡಿಯ ನಾತ. ತಳದಲ್ಲಿ ತೂತಿಲ್ಲ, ನೀರು ಹೋಗುವುದೆಲ್ಲಿಗೆ? ಅತ್ತೆ ಬಕೆಟ್ಟನ್ನು ಎತ್ತಿ ಅಂಗಳದ ಆಚೆ ಎಸೆದರು. ಅದು ಕೊಟ್ಟಿಗೆಯ ಗೋಡೆಗೆ ಬಡಿದು ಸೀಳಿತು.

ಆ ವರ್ಷ ಹೊಗೆಸೊಪ್ಪಿನ ಸಸಿಯನ್ನು ಟ್ರೇಗಳಲ್ಲಿ ಬೆಳೆಸುವುದು ನಮ್ಮ ಕಡೆ ಹೊಸದಾಗಿ ಶುರುವಾಗಿತ್ತು. ಟ್ರೇಗೆ ಮಣ್ಣಲ್ಲ, ತೆಂಗಿನ ನಾರಿನ ಪುಡಿ. ಮಾವ ನನ್ನ ಕೈಲಿ ಹೇಳಿಕಳಿಸಿದರು: "ಒಂದು ಚೀಲ ಪುಡಿ ಉಳ್ದದೆ. ಅದ್ರಲ್ ನೆಡಕ್ಕೇಳು ನಿಮ್ಮತ್ತೆಗೆ." ಅತ್ತೆ ಮೊದಲು ಮುಟ್ಟಲಿಲ್ಲ. ನಾನೇ ಕಾಡಿ ಬೇಡಿ ಒಪ್ಪಿಸಿದೆ. ಈ ಸಲ ತಳದಲ್ಲಿ ತೂತಿರುವ ಮಣ್ಣಿನ ಕುಂಡ ತಂದೆವು, ಪುಡಿ ತುಂಬಿ ಇನ್ನೂ ಜೀವವಿದ್ದ ಗಿಡಗಳನ್ನು ನೆಟ್ಟೆವು. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಕಾಣುತ್ತಿತ್ತು, ಅದಕ್ಕೆ ಇನ್ನಷ್ಟು ನೀರು ಹಾಕಿದೆವು. ಒಳಗೆ ನೋಡಿದರೆ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಜಡಿಮಳೆ ಹಿಡಿದ ಮೇಲೆ ಕೇಳಬೇಕೆ? ಬೇರು ಹಿಡಿದು ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಕೈಗೆ ಬರುತ್ತಿತ್ತು.

"ಸಾಯ್ಲಿ ಅಂತ್ಲೇ ಕೊಟ್ಟವ್ರೆ!" ಅಂತ ಅತ್ತೆ ಕಿರುಚಿದರು. ಜಗಲಿಯಿಂದ ಮಾವ, "ಒಳ್ಳೇದ್ ಮಾಡಕ್ ಓದ್ರೆ ಇಂಗಂತಾಳಲ್ಲ, ಕೇಳು ಅವ್ಳ್ನ!" ಅಂತ ಕಿರುಚಿದರು. ನನಗೂ ತಲೆ ಕೆಟ್ಟಿತು. "ನೀವಿಬ್ರೂ ಕೇಳ್ಕಳಿ! ನನ್ ಬಾಯಿ ಬಾಡಿಗೆಗಿಲ್ಲ!" ಅಂತ ಕಿರುಚಿ ಮೊರವನ್ನು ನೆಲಕ್ಕೆ ಕುಕ್ಕಿ ಹೋದೆ.

ಎಲ್ಲ ಗಿಡಗಳೂ ಸತ್ತಿದ್ದವು. ಹೂವೇ ಇಲ್ಲದ ಮೇಲೆ ಈ ಮನೆಯಲ್ಲಿ ಇವರಿಬ್ಬರೂ ಮಾತಾಡದೆಯೇ ಮುದುಕರಾಗುತ್ತಾರೆ ಅಂತ ನಾನು ಕೈ ಚೆಲ್ಲಿ ಕೂತೆ.

ಸೊಪ್ಪು ಬೇಯಿಸುವ ಕಾಲ ಬಂತು. ಬ್ಯಾರನ್ನಿಗೆ ಸೌದೆ ಹಾಕಲು ಒಟ್ಟಿಲಿನಿಂದ ಹಲಸಿನ ಒಂದು ತುಂಡು ಎಳೆದೆ. ಹಿಂಬದಿಯಲ್ಲಿ ಏನೋ ಹಸಿರು ಕಂಡಿತು. ತಿರುಗಿಸಿದೆ. ಕಂಠಪ್ಪನ ಕಣ್ಣಿಗೆ ಬೀಳದೆ ಉಳಿದ ಒಂದು ಸೀತಾಳೆ! ತೊಗಟೆಯನ್ನು ದಪ್ಪ ಬೇರುಗಳಿಂದ ತಬ್ಬಿಕೊಂಡಿದೆ. ಬೇರಿನ ತುದಿಯಲ್ಲಿ ಹೊಸ ಹಸಿರು. ಮಣ್ಣಿಲ್ಲ, ಕುಂಡವಿಲ್ಲ, ಯಾರೂ ಒಂದು ಚೊಂಬು ನೀರು ಹಾಕಿದ್ದಿಲ್ಲ.

ಓಡಿಹೋಗಿ ಅತ್ತೆಯನ್ನು ಕರೆತಂದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಗಿಡಕ್ಕೇ ಬೈದರು. "ಮನೆಹಾಳಿ! ಗೊಬ್ಬರ ಕೊಟ್ಟು ನೀರು ಕೊಟ್ಟು ಮಡ್ಲಲ್ಲಿಟ್ಕಂಡ್ ಸಾಕುದ್ರೆ ಸಾಯ್ತೀಯ. ಸೌದೆ ಸಂದೀಲಿ ಬಿದ್ರೆ ಬದುಕ್ತೀಯಾ?" ಬೈಯುತ್ತಲೇ ಪಕ್ಕದಲ್ಲಿ ಕೂತರು. ಅವತ್ತು ಬೆಳಗ್ಗೆ ಸೋನೆ ಬಿದ್ದಿತ್ತು. ಬೇರು ನೀರು ಕುಡಿದು ಹಸಿರಾಗಿತ್ತು. ಗಾಳಿ ಬೀಸಿದ ಹಾಗೆ ಮಧ್ಯಾಹ್ನದ ಹೊತ್ತಿಗೆ ಒಣಗಿ ಬೆಳ್ಳಗಾಯಿತು. ಅತ್ತೆ ಅಲ್ಲಿಂದ ಕದಲದೆ ನೋಡಿದರು. "ಇದ್ಕೆ ಬೇಕಾದ್ದು ಮಣ್ಣಲ್ಲ ಕಣಮ್ಮಿ, ಗಾಳಿ. ನೆನೀಬೇಕು, ಒಣುಗ್ಬೇಕು. ನಾವು ಕತ್ತಿನಗಂಟ ಹೂತು ಉಸುರುಗಟ್ಸಿ ಕೊಂದೋ" ಅಂದರು.

ಆ ತುಂಡನ್ನು ಹಾಗೇ ಬಿಡುವ ಹಾಗಿರಲಿಲ್ಲ, ಒಂದು ಕಡೆ ಗೆದ್ದಲು ಹತ್ತಿತ್ತು. ಬೇರು ಕೀಳದೆ, ತೊಗಟೆಯ ಸಮೇತ ಗಿಡವನ್ನು ಎಬ್ಬಿಸಿದರು. ಈ ಸಲ ಕುಂಡ ಹುಡುಕಲಿಲ್ಲ. ಗೊಬ್ಬರ ಹೊರುತ್ತಿದ್ದ ಬಿದಿರಿನ ಹಳೇ ಮಂಕರಿ ತೊಳೆದು ತಂದರು. ಹೆಣಿಗೆ ಸಡಿಲವಾಗಿ ಮೈಯೆಲ್ಲ ಸಂದು ಬಿಟ್ಟಿತ್ತು, ನೀರು ನಿಲ್ಲುವ ಭಯವಿಲ್ಲ. ತಳಕ್ಕೆ ಬ್ಯಾರನ್ನಿನ ಒಡೆದ ಹೆಂಚಿನ ಚೂರು. ಅದರ ಮೇಲೆ ಬ್ಯಾರನ್ನಿನ ಒಲೆಯ ಇದ್ದಿಲು, ಬೂದಿಯ ಉಪ್ಪು ಬೇರನ್ನು ಸುಟ್ಟೀತು ಅಂತ ಚೆನ್ನಾಗಿ ತೊಳೆದದ್ದು. ನಡುವೆ ತೆಂಗಿನ ಮಟ್ಟೆಯ ತುಂಡುಗಳು. ಮಟ್ಟೆಯನ್ನು ನೆನೆಹಾಕಿದರೆ ನೀರು ಕೆಂಪಗಾಗುತ್ತಿತ್ತು. ಚೆಲ್ಲಿ ಮತ್ತೆ ನೆನೆಸಿ, ನೀರು ತಿಳಿಯಾಗುವ ತನಕ ಬಿಡಲಿಲ್ಲ. ಎಲ್ಲವೂ ಹೆಬ್ಬೆಟ್ಟಿನ ಗಾತ್ರ, ಪುಡಿಯೆಲ್ಲ ಜರಡಿ ಹಿಡಿದು ಆಚೆಗೆ. ಗಿಡವನ್ನು ಮೇಲೆ ಕೂರಿಸಿ, ಅಲ್ಲಾಡದ ಹಾಗೆ ಹಳೇ ಸೀರೆಯ ಅಂಚಿನಿಂದ ಕಟ್ಟಿದರು. ಬುಡ ಮುಚ್ಚಲಿಲ್ಲ. ಮಂಕರಿಯನ್ನು ಹಿತ್ತಲ ಹೊಂಗೆ ಮರದ ಕೊಂಬೆಗೆ, ಬೆಳಗಿನ ಬಿಸಿಲು ಮಾತ್ರ ತಾಗುವ ಕಡೆ ನೇತುಹಾಕಿದರು.

"ಈ ಇದ್ಲಲ್ಲಿ ನಮ್ ಅಲಸೂ ಅದೆ" ಅಂದರು ಅತ್ತೆ, ಕೈಯ ಕಪ್ಪು ನೋಡಿಕೊಳ್ಳುತ್ತಾ. "ಸುಟ್ಟಾಕುದ್ರು ಪಾಪಿಗೋಳು."

ಮೊದಲ ವರ್ಷ ಬರೀ ಬೇರು ಬಿಟ್ಟಿತು. ಬೇರುಗಳು ಮಂಕರಿಯ ಸಂದಿಯಿಂದ ಹೊರಬಂದು ಗಾಳಿಯಲ್ಲಿ ಆಡಿದವು. ಅದರ ಮುಂದಿನ ವರ್ಷ, ಬಿಸಿಲು ಇಳಿಯುವ ಕಾಲಕ್ಕೆ, ಎಲೆಯ ಕಂಕುಳಲ್ಲಿ ಮೊಗ್ಗಿನ ದಂಡೆ ಕಾಣಿಸಿತು. ನನಗಿಂತ ಮೊದಲು ಮಾವ ನೋಡಿದ್ದರು. ಹಲ್ಲುಜ್ಜುವ ನೆಪದಲ್ಲಿ ಹಿತ್ತಲಿಗೆ ಹೋಗಿ ಹೊಂಗೆಯ ಕೆಳಗೆ ನಿಂತಿರುತ್ತಿದ್ದರು. ನಕ್ಕಿದ್ದ ಮನುಷ್ಯ ಈಗ ಮೊಗ್ಗು ಕಾಯುತ್ತಿದ್ದರು. ಅವರ ಮೇಲಿನ ನನ್ನ ಸಿಟ್ಟು ಕೂಡ ಸ್ವಲ್ಪ ಇಳಿದಿತ್ತು.

ಒಂದು ಬೆಳಗ್ಗೆ ನೋಡುತ್ತೇನೆ, ಅತ್ತೆ ಮಂಕರಿಯ ಮುಂದೆ ನಿಂತು, ಬಿರಿಯುವುದಕ್ಕಿದ್ದ ದಂಡೆಯನ್ನು ಉಗುರಿನಿಂದ ಚಿವುಟುತ್ತಿದ್ದಾರೆ.

"ಅತ್ತೆ! ತಲೆ ಕೆಟ್ಟದಾ ನಿಮ್ಗೆ? ಇಷ್ಟು ವರ್ಸ ಒದ್ದಾಡಿದ್ದು ಇದ್ಕಾ?"

"ಇದು ಬಿರುದ್ರೆ ನಾನು ಮಾತಾಡ್ಬೇಕಾಯ್ತದೆ" ಅಂದರು. "ಅವ್ರು ಕಾಯ್ತಿರೋದು ಹೂವ್ಗೆ. ಹೂವ ಬಂದ್ರೆ ಎಲ್ಲ ಸರ್ಯೋಯ್ತು ಅಂತ ಎದ್ದೋಯ್ತಾರೆ. ನಾನು ಕಾಯ್ತಿರೋದು ಹೂವ್ಗಲ್ಲ."

"ಮತ್ತೆ ಇನ್ಯಾತಕ್ಕೆ?"

ಮುರಿದ ದಂಡೆಯನ್ನು ಮಂಕರಿಯ ಕೆಳಗೇ ಬಿಟ್ಟು ಒಳಗೆ ಹೋದರು. ನನಗೆ ಅಳುವಷ್ಟು ಕೋಪ ಬಂತು, ಅವತ್ತು ಅವರಿಗೆ ಅನ್ನ ಬಡಿಸಲಿಲ್ಲ. ಮಾವ ಹಿತ್ತಲಿಗೆ ಹೋದವರು ಹಲ್ಲುಪುಡಿ ಕೈಯಲ್ಲೇ ಹಿಡಿದು ಬಂದರು. ದಂಡೆ ಮುರಿದ ಜಾಗ ನೋಡಿದ್ದರು. ಹಲ್ಲುಜ್ಜದೆಯೇ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತರು.

ಮುಂದಿನ ವರ್ಷ ಸೌದೆ ಕಡಿಯುವ ಕಾಲ ಬಂತು. ಹೊಲದಲ್ಲಿ ಮರ ಅನ್ನುವುದು ಉಳಿದಿರಲಿಲ್ಲ. ಕಂಠಪ್ಪ ಕೊಡಲಿ ಹೆಗಲ ಮೇಲಿಟ್ಟುಕೊಂಡು ಹಿತ್ತಲಿಗೆ ಬಂದ, ಹೊಂಗೆಯ ಸುತ್ತ ಒಂದು ಸುತ್ತು ಹಾಕಿದ. "ಚೆನ್ನಾಗ್ ಉರೀತದೆ ಕಣಣ್ಣ" ಅಂದ. ಅಡಿಗೆಮನೆಯಲ್ಲಿ ಮುದ್ದೆ ತಿರುಗಿಸುತ್ತಿದ್ದ ನನ್ನ ಕೈ ನಿಂತಿತು. ಅತ್ತೆ ಒಲೆಯ ಮುಂದೆ ಕೂತಿದ್ದರು, ತಲೆ ಎತ್ತಲಿಲ್ಲ. ಕಿವಿ ಮಾತ್ರ ಹಿತ್ತಲಲ್ಲಿತ್ತು.

ಮಾವ ಕಂಠಪ್ಪನಿಗೆ ಕೈ ಅಡ್ಡ ಹಿಡಿದು, ಬಾಗಿಲಿಗೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ.

"ಮಾಯಿ, ಇತ್ಲು ವಂಗೆ ಮರವ ಕಡೀಲಾ, ಬ್ಯಾಡ್ವಾ?"

ಅಭ್ಯಾಸಬಲ. ನಾನು ಅತ್ತೆಯ ಕಡೆ ತಿರುಗಿ ಅದನ್ನೇ ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಅದುಮಿ ಸುಮ್ಮನಿರಿಸಿದರು. ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ಬ್ಯಾಡಿ" ಅಂದರು.

"ಆಯ್ತು" ಅಂದರು ಮಾವ. ಕಂಠಪ್ಪನನ್ನು ಕಳಿಸಿಬಿಟ್ಟರು. ಆ ವರ್ಷ ಸೌದೆಗೆ ಬೇರೆ ಕಡೆ ಅಲೆದರು, ಅಲೆಯಲಿ. ನನ್ನ ಮುದ್ದೆ ಗಂಟಾಗಿತ್ತು, ಯಾರೂ ಏನೂ ಅನ್ನಲಿಲ್ಲ.

ಮೊದಲ ಮಳೆಗೆ ದಂಡೆ ಬಂತು. ಈ ಸಲ ಯಾರೂ ಚಿವುಟಲಿಲ್ಲ. ಪೂರ್ತಿ ಬಿರಿದ ದಿನ ಅತ್ತೆ ಅದನ್ನು ಕಿತ್ತು ತಂದು, ನನ್ನನ್ನು ಬಾಗಿಲಲ್ಲಿ ಕೂರಿಸಿಕೊಂಡು ಜಡೆಗೆ ಮುಡಿಸಿದರು. ಮಾವ ಜಗಲಿಯ ಮೇಲೆ ಬೆನ್ನು ಹಾಕಿ ಕೂತಿದ್ದರು. ಅತ್ತೆ ಬೇಕೆಂದೇ ಗಟ್ಟಿಯಾಗಿ ಹೇಳಿದರು.

"ಮನೆ ಅವ್ರುದು, ಹೊಲ ಅವ್ರುದು, ಹೂವ ಮಾತ್ರ ನಿಂದು ಅಂದಿದ್ರು ನಮ್ಮತ್ತೆ. ಸುಳ್ಳು ಕಣಮ್ಮಿ. ಮರಾನೂ ನಮ್ದೇ. ಮುಟ್ಟೋರು ಕೇಳೇ ಮುಟ್ಬೇಕು."

ಮಾವನಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ, ನಗಲೂ ಇಲ್ಲ.