ಟ್ಯಾಂಕಿಗೆ ಕಟ್ಟಿದ ಕೊಟ್ಟೆ

ನಮ್ಮ ಹಳೆಯ ಚೈನ್ ಲೋಡರ್ ಆ ಮಳೆಗಾಲದಲ್ಲಿ ಹೊಸ ಚಾಳಿ ಕಲಿತಿತ್ತು. ಧರೆ ಕುಸಿದು ಬಿದ್ದ ಮಣ್ಣನ್ನು ಹತ್ತು ನಿಮಿಷ ನೆಟ್ಟಗೆ ಎತ್ತುತ್ತಿತ್ತು. ಆಮೇಲೆ ಪಂಪ್ ಕುಂಯ್‌ಗುಟ್ಟಿ, ಬಕೆಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಆಯಿಲ್ ಕಡಿಮೆಯಾಯಿತೇನೋ ಎಂದು ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಆಯಿಲ್ ಭರ್ತಿ ಇರುತ್ತಿತ್ತು. ಮುಚ್ಚಳ ಹಾಕಿ ಚಾಲೂ ಮಾಡಿದರೆ ಮತ್ತೆ ಹತ್ತು ನಿಮಿಷ ಸರಿ. ನಾನು ಒಮ್ಮೆ ಇಣುಕಿದರೆ ಸಾಕು, ಅದು ಸರಿಹೋಗುತ್ತದೆ ಎಂದು ಮನೆಯಲ್ಲಿ ಹೇಳಿದೆ. ಯಾರೂ ಮೆಚ್ಚಲಿಲ್ಲ.

ಪಂಪ್ ಬಿಚ್ಚಿಸಿದೆ, ಫಿಲ್ಟರ್ ಬದಲಾಯಿಸಿದೆ. ಚಾಳಿ ಬದಲಾಗಲಿಲ್ಲ. ಕೊನೆಗೆ ನರಸಿಂಹರಾಜಪುರದಿಂದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ನಮ್ಮ ಕೊಪ್ಪಕ್ಕೆ ಕರೆಸಿದೆ. ಅವರು ಒಂದು ಗಂಟೆ ತಡವಾಗಿ ಬಂದರು. ದಾರಿಯಲ್ಲಿ ಬೈಕ್ ಮೂರು ಸಲ ನಿಂತಿತಂತೆ.

ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಟ್ಯಾಂಕಿನ ಮೇಲೆ ಗಾಳಿಯಾಡಲು ಇರುವ ಸಣ್ಣ ಕೊಳವೆಯನ್ನು ನೋಡಿದರು. ಮಳೆನೀರು ಇಳಿಯದಿರಲೆಂದು ಅದಕ್ಕೆ ನಾನೇ ಕೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ, ಹಾಕಿ ದಾರ ಬಿಗಿದಿದ್ದೆ. ಕೊಳೆರೋಗ ಬಾರದಂತೆ ಅಡಿಕೆಗೊನೆಗೆ ಕಟ್ಟುವುದೂ ಹೀಗೆಯೇ.

“ಇದೆಂತ ಮಾರಾಯ್ರೆ, ಅಡಿಕೆಗೊನೆ ಅಂದ್ಕೊಂಡ್ರಾ? ಗಾಳಿ ಒಳಗೆ ಹೋಗದೆ ಆಯಿಲ್ ಹೆಂಗೆ ಕೆಳಗೆ ಇಳೀತದೆ? ಮುಚ್ಚಳ ತೆಗೆದಾಗ ಗಾಳಿ ಹೋಗ್ತದೆ, ಅದಕ್ಕೇ ಹತ್ತು ನಿಮಿಷ ಓಡ್ತದೆ. ಇಷ್ಟು ವರ್ಷ ಮಿಷನ್ ಇಟ್ಕೊಂಡು ಇಷ್ಟೂ ಗೊತ್ತಾಗಲ್ವಾ?”

ಕೊಟ್ಟೆ ಕಿತ್ತರು. ಚಾಲೂ ಮಾಡಿದರೆ ಬಕೆಟ್ ಸರ್ರನೆ ತುದಿಯವರೆಗೆ ಏರಿತು, ಹತ್ತು ನಿಮಿಷ ಕಳೆದರೂ ಪಂಪ್ ಕುಂಯ್‌ಗುಟ್ಟಲಿಲ್ಲ. ಕಾಫಿ ಮುಗಿಯುವವರೆಗೂ ಅವರು ಬೈದರು. ನಾನು ತಲೆ ತಗ್ಗಿಸಿ ಕೇಳಿದೆ.

ಬೀಳ್ಕೊಡಲು ರಸ್ತೆಯವರೆಗೆ ಹೋದೆ. ಅವರ ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಕೊಟ್ಟೆ ಕಟ್ಟಿತ್ತು, ನನ್ನದಕ್ಕಿಂತ ಬಿಗಿಯಾಗಿ. ನಿಧಾನಕ್ಕೆ ಹೋಗಿ ಬನ್ನಿ ಎಂದಷ್ಟೇ ಹೇಳಿದೆ.