ಬಾಕಿ ಉಳಿದ ಅರ್ಧ ಹಾಡು

ಸಿಂಕಿನಲ್ಲಿ ಬಸಳೆಯ ಕಟ್ಟು ಬಿಚ್ಚಿದೆ ನೋಡಿ, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಈ ಕೊಲ್ಲಿ ದೇಶದಲ್ಲಿ, ಸೀಫ್‌ನ ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗುವ ಸೊಪ್ಪಿಗೆ ಈ ವಾಸನೆ ಇರುವುದಿಲ್ಲ. ಇದರ ಹಿಂದೆಯೇ ಮೋನಪ್ಪಣ್ಣ ನೆನಪಾಗುತ್ತಾರೆ.

ಮೋನಪ್ಪಣ್ಣ ಇಲ್ಲಿನ ಸಿತ್ರಾದಲ್ಲಿ ವೆಲ್ಡರ್ ಆಗಿದ್ದರು; ರಜೆಯ ದಿನ ನಮ್ಮ ಕರಾವಳಿಯವರ ಹಾಡಿನ ತಂಡದ ಹಾರ್ಮೋನಿಯಂ. ನನ್ನದು ತಾಳ. ಅದು ತಪ್ಪಿದರೂ ತಂಡ ಸಹಿಸಿಕೊಂಡಿತ್ತು, ಏಕೆಂದರೆ ಹಾರ್ಮೋನಿಯಂ ಹಿಡಿಸುವ ಡಿಕ್ಕಿ ಇದ್ದದ್ದು ನನ್ನ ಕಾರಿಗೆ ಮಾತ್ರ.

ಮೋನಪ್ಪಣ್ಣ ಊರಿಂದ ತಂದ ಬಸಳೆ ದಂಟನ್ನು ತನ್ನ ತೋಟದಲ್ಲಿ ನೆಟ್ಟು ನಮಗೆಲ್ಲ ಉಣ್ಣಿಸಿದವನು ಇಲ್ಲಿಯದೇ ಬಾರ್ಬಾರ್ ಹಳ್ಳಿಯ ರೈತ ಅಬು ಹಸನ್. ಒಂದು ಚಳಿಗಾಲ ಅವನು ಹರಕು ಹಿಂದಿಯಲ್ಲಿ ಹೇಳಿದ: ಬಾವಿಯ ನೀರು ಉಪ್ಪಾಗುತ್ತಿದೆ, ಶನಿವಾರದ ಸಂತೆಯಲ್ಲಿ ಮಾಲು ಉಳಿಯುತ್ತಿದೆ, ಹೀಗೇ ಆದರೆ ಮುಂದಿನ ವರ್ಷ ಬಿತ್ತನೆ ಇಲ್ಲ. ಬಸಳೆಯ ಋಣ ದೊಡ್ಡದು. ಮುಂದಿನ ಶನಿವಾರ ಅವನ ಅಂಗಡಿಯ ಮುಂದೆಯೇ ಚಾಪೆ ಹಾಸಿ, ಗಿರಾಕಿಗಳನ್ನು ಸೆಳೆಯಲೆಂದು ಹಾಡಲು ಕುಳಿತೆವು.

ಜನ ಮುತ್ತಿಕೊಂಡರು, ವಿಡಿಯೊ ಮಾಡಿದರು, ಚಪ್ಪಾಳೆ ತಟ್ಟಿ ಹೋದರು. ಟೊಮೆಟೊ ಒಳಗೆ, ಕೊಳ್ಳುವವರು ಹೊರಗೆ, ನಡುವೆ ದಾರಿಗೆ ಅಡ್ಡವಾಗಿ ನಾವು. ಅಬು ಹಸನ್ ಮಾರದೆ ಉಳಿದ ಬುಟ್ಟಿಗಳನ್ನು ಬದಿಗೆ ಸರಿಸಿ ನಮಗೆ ಚಹಾ ಬಗ್ಗಿಸಿದ.

ವಾಪಸು ಬರುವಾಗ ಮೋನಪ್ಪಣ್ಣ ಕೇಳಿದರು, "ಹರಿಕತೆಯಲ್ಲಿ ಆರತಿ ತಟ್ಟೆ ತಿರುಗುದು ಯಾವಾಗ ಮಾರಾಯ್ರೆ? ರಾವಣ ಸೀತೆಯನ್ನು ಎತ್ತುವಾಗ ಅಲ್ವಾ? ತಟ್ಟೆಗೆ ಕಾಸು ಬಿದ್ದ ಮೇಲೆ ತಾನೇ ಕತೆ ಮುಂದೆ ಹೋಗುದು?"

ಮರುವಾರ ನಾವು ತರಕಾರಿ ಬುಟ್ಟಿಗಳ ಹಿಂದೆ ಕುಳಿತೆವು. ಹಾಡು ರಂಗೇರಿದ ಹೊತ್ತಿಗೆ ಮೋನಪ್ಪಣ್ಣ ಹಾರ್ಮೋನಿಯಂನಿಂದ ಕೈ ತೆಗೆದು, ಬುಟ್ಟಿ ಖಾಲಿಯಾದ ಮೇಲೆ ಉಳಿದ ಅರ್ಧ ಹಾಡು ಎಂದು ಹಿಂದಿಯಲ್ಲಿ ಸಾರಿದರು. ಜನ ನಕ್ಕು ಟೊಮೆಟೊ ಆರಿಸತೊಡಗಿದರು. ಆ ಚಳಿಗಾಲವಿಡೀ ಹೀಗೇ ನಡೆಯಿತು. ನಿಲ್ಲಿಸುವುದೊಂದನ್ನು ನಾನೂ ಸರಿಯಾದ ಸಮಯಕ್ಕೆ ಮಾಡುತ್ತಿದ್ದೆ.

ಸಂತೆ ನಡೆಯುವುದು ಚಳಿಗಾಲದಲ್ಲಷ್ಟೇ; ಅದರ ಕೊನೆಯ ದಿನ ಬುಟ್ಟಿ ಬರಿದಾಗುವಷ್ಟರಲ್ಲಿ ಮಸೀದಿಯ ಬಾಂಗ್ ಕೇಳಿತು, ಉಳಿದರ್ಧ ಹಾಡದೆಯೇ ಹಾರ್ಮೋನಿಯಂ ಮುಚ್ಚಿದೆವು. ಆ ಬೇಸಿಗೆಯಲ್ಲಿ ಮೋನಪ್ಪಣ್ಣ ಕೆಲಸ ಮುಗಿಸಿ ಊರಿಗೆ ಹೋದರು.

ಈ ವರ್ಷದ ಮೊದಲ ಸಂತೆಗೆ ಇವತ್ತು ಅಳುಕುತ್ತಲೇ ಹೋಗಿದ್ದೆ. ಅಬು ಹಸನ್ ತನ್ನ ಜಾಗದಲ್ಲೇ ಇದ್ದ. ಬಸಳೆಯ ಕಟ್ಟು ಕೈಗಿಟ್ಟು, "ಆಧಾ ಗಾನಾ ಬಾಕಿ ಹೈ" ಎಂದ. ಆ ಉಳಿದರ್ಧ ಹಾಡು ಕೇಳದೆ ತೋಟ ಬಿಡುವುದು ಹೇಗೆ, ಅದಕ್ಕೇ ಬಿತ್ತಿದೆ ಎಂದು ನಕ್ಕ. ನನ್ನ ಕಣ್ಣು ತುಂಬಿತು. ನಮ್ಮಂಥ ಹೊರಗಿನವರ ಹಾಡಿಗೆ ಈ ನೆಲ ಇಷ್ಟು ಬೆಲೆ ಕೊಟ್ಟಿತಲ್ಲ.

ಮನೆಗೆ ಬಂದವನೇ ಮೋನಪ್ಪಣ್ಣನಿಗೆ ಫೋನ್ ಮಾಡಿ, ಉಳಿದರ್ಧ ಹಾಡಿ ಕಳಿಸಿ, ಮುಂದಿನ ವಾರ ಅಬು ಹಸನ್‌ಗೆ ಕೇಳಿಸುತ್ತೇನೆ ಎಂದೆ.

"ಬೇಡ ಮಾರಾಯ್ರೆ. ಬಾಕಿಯೇ ಇರ್ಲಿ. ಅವರು ಬಿತ್ತಲಿ."

ಬಸಳೆ ದಂಟು ಹೆಚ್ಚಲು ಕುಳಿತಿದ್ದೇನೆ. ಕತ್ತಿ ತಾನಾಗಿ ಆ ಅರ್ಧ ಹಾಡಿಗೆ ತಾಳ ಹಾಕುತ್ತಿದೆ, ಎಂದಿನಂತೆ ತಪ್ಪುತ್ತಲೇ.