ಅಮ್ಮನ ತುಪ್ಪ, ಮಗಳ ನೀರಿನ ಲೋಟ

ನನ್ನ ಮಗಳು ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಅವಳು ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಸ್ಕೂಲ್ ವ್ಯಾನು ರವೀಂದ್ರನಗರವನ್ನೆಲ್ಲ ಸುತ್ತಿ ಹೋಗಿಯೇ ಬಿಟ್ಟಿರುತ್ತಿತ್ತು. ಇದು ದೃಷ್ಟಿಯೇ ಎಂದು ನನ್ನ ಅಮ್ಮ ತೀರ್ಮಾನಿಸಿದಳು. ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ನಮ್ಮ ಮನೆಗೆ ಬಂದು, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. ಮಗಳು ನೀರು ಕುಡಿಯುತ್ತಲೇ ಇದ್ದಳು.

ಒಂದು ದಿನ ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವಳನ್ನು ಎತ್ತಿಕೊಂಡು ಓಡಿದೆ. ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ನೋಡಿ, ಇಯೋಸಿನೋಫಿಲಿಕ್ ಈಸೊಫಜೈಟಿಸ್ ಎಂದರು. ಮಗಳಿಗಿಂತ ಕಾಯಿಲೆಯ ಹೆಸರೇ ಉದ್ದ. ಅಲರ್ಜಿಯಿಂದ ಅನ್ನನಾಳ ಊದಿಕೊಂಡಿದೆ, ಹಾಲಿನದ್ದು ಏನೂ ಬೇಡ, ಕೆಲವು ವಾರ ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು.

ಅಂದಿನಿಂದ ನಾನು ಪೊಲೀಸಾದೆ. ಹಾಲು, ಮೊಸರು, ಪೇಡೆ, ಬಿಸ್ಕತ್ತು ಎಲ್ಲ ಬಂದ್. ಪಕ್ಕದ ಮನೆಯ ಪಂಚಾಮೃತಕ್ಕೂ ಕೈ ಅಡ್ಡ ಹಿಡಿದೆ. ಆದರೂ ಎರಡನೇ ಸಲ ನೋಡಿದಾಗ ಊತ ಹಾಗೇ ಇತ್ತು. ಆಸ್ಪತ್ರೆಯ ವರಾಂಡದಲ್ಲೇ ಅತ್ತುಬಿಟ್ಟೆ.

ಶನಿವಾರ, ಭಾನುವಾರ ಮಗಳು ಅಜ್ಜಿಮನೆಯಲ್ಲಿರುತ್ತಿದ್ದಳು. ಆ ವಾರ ನಾನೂ ಹೋದೆ. ನನ್ನ ಕಣ್ಣೆದುರೇ ಅಮ್ಮ ಅವಳ ಸಾರನ್ನಕ್ಕೆ ತುಪ್ಪ ಸುರಿದಳು.

"ಅಮ್ಮಾ, ತುಪ್ಪ!"

"ಅಲ್ವೇ ಮಾರಾಯ್ತಿ, ತುಪ್ಪ ಎಲ್ಲಾದ್ರೂ ಹಾಲಾಗುತ್ತಾ? ಕಾಸಿ ಸೋಸಿ ಇಟ್ಟಿದ್ದು. ಗಂಟಲಲ್ಲಿ ಜಾರಿ ಹೋಗ್ಲಿ ಅಂತ ನಾನೇ ಸ್ವಲ್ಪ ಜಾಸ್ತಿ ಹಾಕ್ತಿದೀನಿ!"

ಡಾಕ್ಟರಿಗೆ ಫೋನ್ ಮಾಡಿದೆ. ತುಪ್ಪದಲ್ಲೂ ಹಾಲಿನಂಶ ಉಳಿದಿರುತ್ತದೆ, ಅದೂ ಬೇಡವೇ ಬೇಡ ಎಂದರು.

"ಆ ಡಾಕ್ಟ್ರಿಗೆ ಅವರಮ್ಮ ತುಪ್ಪ ಹಾಕಿ ಸಾಕಿಲ್ಲ ಅನ್ಸುತ್ತೆ" ಎಂದು ಅಮ್ಮ ಮುಖ ಊದಿಸಿಕೊಂಡಳು. ನಾನು ಡಬ್ಬಿಯನ್ನೇ ಎತ್ತಿಕೊಂಡು ಶಿವಮೊಗ್ಗಕ್ಕೆ ಬಂದೆ. ತುಪ್ಪವಿಲ್ಲದ ಅನ್ನ ಆಸ್ಪತ್ರೆ ಊಟ ಎನ್ನುತ್ತಿದ್ದ ಅಮ್ಮ, ಬೈಯುತ್ತಲೇ ಇದ್ದಳು, ಆದರೆ ಮತ್ತೆ ಬೆಣ್ಣೆ ಕಾಸಲಿಲ್ಲ. ಮೊಮ್ಮಗಳ ಜೊತೆ ತಾನೂ ಬರೀ ಸಾರನ್ನ ಉಂಡಳು. ಮಗಳು ಬಂದು ಅದನ್ನು ಹೇಳಿದಾಗ ಅಮ್ಮನ ಮೇಲಿದ್ದ ಸಿಟ್ಟೆಲ್ಲ ನನಗೆ ಇಳಿದುಹೋಯಿತು.

ಮೂರನೇ ಸಲ ಕ್ಯಾಮೆರಾ ಇಳಿಸಿದಾಗ ಊತ ಇಳಿದಿತ್ತು. ಆ ವಾರ ಭದ್ರಾವತಿಗೆ ಹೋದಾಗ ಅಮ್ಮ ಅಕ್ಕಿರೊಟ್ಟಿ ತಟ್ಟಿದಳು. ಮಗಳು ಒಂದನ್ನು ಮುಗಿಸಿ ತಟ್ಟೆ ಮುಂದೆ ಚಾಚಿದಳು.

"ಅಜ್ಜಿ, ಇನ್ನೊಂದು."

ಅಮ್ಮ ಪಕ್ಕದಲ್ಲಿದ್ದ ಲೋಟ ನೋಡಿದಳು. ಇಟ್ಟ ನೀರು ಇಟ್ಟ ಹಾಗೇ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಸೀದಾ ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

"ಹಿಂಗೆ ತಿಂದ್ರೆ ಯಾರ ಕಣ್ಣಾದ್ರೂ ಬಿದ್ದೇ ಬೀಳುತ್ತೆ. ಉಪ್ಪು, ಮೆಣಸಿನಕಾಯಲ್ಲಿ ಹಾಲಿಲ್ಲ ತಾನೆ? ಬೇಕಾದ್ರೆ ಆ ಡಾಕ್ಟ್ರಿಗೆ ಫೋನ್ ಮಾಡಿ ಕೇಳು."